ನಿಂಬೆಹಣ್ಣಿನ ಗಾತ್ರದ ಹಿಟ್ಟು

ಅಡುಗೆಮನೆಗೆ ಒಂದು ಸ್ಟೂಲು ಮಾಡಿಕೊಡಿ ಎಂದು ಯಜಮಾನಿ ಗಂಡನನ್ನು ಕೇಳಲು ಶುರು ಮಾಡಿ ಎರಡು ವರ್ಷವಾಗಿತ್ತು. ಅವಳಿಗೆ ಮಂಡಿನೋವು. ನಿಂತು ತರಕಾರಿ ಹೆಚ್ಚಲು ಆಗದು, ನೆಲಕ್ಕೆ ಕೂತರೆ ಏಳಲು ಆಗದು. ಗಂಡ ಗ್ಯಾರೇಜು ನಡೆಸುವವನು. ಬೀದಿಗೆಲ್ಲ ಅವನು ಮೇಸ್ತ್ರಿ. ಬೆಸುಗೆ ಯಂತ್ರ ಮನೆಯಲ್ಲೇ ಇದೆ, ಕಬ್ಬಿಣದ ತುಂಡುಗಳು ನಡೆದರೆ ಕಾಲಿಗೆ ತೊಡರುತ್ತವೆ. ಆದರೂ ಕೇಳಿದಾಗಲೆಲ್ಲ ಅವನ ಉತ್ತರ ಒಂದೇ: "ಮಾಡೋಣ." ಆ ಮನೆಯಲ್ಲಿ ಮೇಸ್ತ್ರಿ ಮಾಡೋಣ ಎಂದರೆ ಅದು ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕೊನೆಗೊಂದು ದಿನ ಅವನು ಸ್ಟೂಲು ಮಾಡಿದ. ಊಟ ಮುಗಿಸಿ ಹೋದವನು ಟೀ ಹೊತ್ತಿಗೆ ಮಾಡಿ ಮುಗಿಸಿದ್ದ. ಮೂರು ಕಾಲು, ಮೇಲೆ ಹಳೆಯ ಕಾರಿನ ಸೀಟಿನಿಂದ ಕತ್ತರಿಸಿದ ಮೆತ್ತೆ. ಆದರೆ ಮಾಡಿದ್ದು ಹೆಂಡತಿಗಲ್ಲ, ಸೊಸೆಗೆ.

ಮನೆಯೂ ಗ್ಯಾರೇಜೂ ಒಂದೇ ಸೂರಿನ ಕೆಳಗಿದ್ದವು. ಬೀದಿಯ ಕಡೆ ಗ್ಯಾರೇಜು, ಹಿಂದೆ ಅಡುಗೆಮನೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಒಂದು ಹೊಸ್ತಿಲು. ಮದುವೆಯಾದ ವಾರದಲ್ಲೇ ಮೇಸ್ತ್ರಿ ಹೆಂಡತಿಗೆ ಹೇಳಿದ್ದ: "ಗ್ಯಾರೇಜ್ ಒಳಗೆ ಬರಬೇಡ. ನೆಲದ ತುಂಬ ಎಣ್ಣೆ, ಜಾರಿ ಬೀಳ್ತೀಯ." ಅಂದಿನಿಂದ ಮೂವತ್ತೊಂದು ವರ್ಷ, ದಿನಕ್ಕೆರಡು ಸಲ, ಅವಳು ಟೀ ಲೋಟ ಹಿಡಿದು ಹೊಸ್ತಿಲ ಈಚೆ ನಿಂತಿದ್ದಾಳೆ. ಅವನು ಗಾಡಿಯ ಕೆಳಗಿನಿಂದ ತಲೆಯೂ ಹೊರಗೆ ಹಾಕದೆ "ಅಲ್ಲೇ ಇಡು" ಎನ್ನುತ್ತಿದ್ದ. ಅವಳು ಬಾಗಿಲ ಪಕ್ಕದ ಗಿಡ್ಡ ಕಟ್ಟೆಯ ಮೇಲೆ ಇಡುತ್ತಿದ್ದಳು. ಇಟ್ಟವಳು ಹೊರಟುಹೋದಳೆಂದು ಅವನ ಲೆಕ್ಕ. ಅವಳು ಹೋಗುತ್ತಿರಲಿಲ್ಲ, ಒಲೆಯ ಮೇಲೆ ಏನಾದರೂ ಸೀಯುವ ವಾಸನೆ ಬರುವವರೆಗೆ ನಿಂತು ನೋಡುತ್ತಿದ್ದಳು.

ಟೀ ಬಿಟ್ಟರೆ ಗ್ಯಾರೇಜು ಅಡುಗೆಮನೆಯನ್ನು ಕೇಳುತ್ತಿದ್ದ ವಸ್ತು ಇನ್ನೊಂದೇ. ಆಗಾಗ ಮೇಸ್ತ್ರಿ ಬಾಗಿಲಿಗೆ ಬಂದು, "ಒಂದು ನಿಂಬೆಹಣ್ಣಿನ ಗಾತ್ರ ಹಿಟ್ಟು ಕೊಡೇ" ಎನ್ನುತ್ತಿದ್ದ. ಬ್ರೆಡ್ಡಿಗೆ ನಾದಿದ ಹಿಟ್ಟೇ, ಆದರೆ ತಿನ್ನುವುದಕ್ಕಲ್ಲ. ಗಾಡಿಗೆ ಬೇರೆ ಶಾಕ್ ಅಬ್ಸಾರ್ಬರ್ ಹಾಕಿದಾಗ ಅದರ ಕಡ್ಡಿಯ ಸುತ್ತ ಆ ಹಿಟ್ಟನ್ನು ಅಂಟಿಸಿ, ಅಂಗಳದ ಮೊಣಕಾಲೆತ್ತರದ ಕಲ್ಲಿನ ಮೇಲೆ ಒಂದೇ ಚಕ್ರ ಹತ್ತಿಸುತ್ತಿದ್ದ. ಚಕ್ರ ಮೇಲೆದ್ದಾಗ ಕಡ್ಡಿ ಒಳಗೆ ಹೋಗುತ್ತದೆ, ಹಿಟ್ಟು ತುದಿಗೆ ತಳ್ಳಿಕೊಂಡು ಬರುತ್ತದೆ. ಇಳಿಸಿ ನೋಡಿದಾಗ ಹಿಟ್ಟು ಎರಡು ಬೆರಳು ದಪ್ಪ ಉಳಿದಿದ್ದರೆ ಶಾಕಿಗೆ ಇನ್ನೂ ಮಡಚಲು ಜಾಗವಿದೆ ಎಂದು ಅರ್ಥ. ಅಪ್ಪಚ್ಚಿಯಾಗಿದ್ದರೆ ಮುಂದಿನ ಗುಂಡಿಯಲ್ಲಿ ಶಾಕೋ ಅದನ್ನು ಹಿಡಿದ ಕೊಕ್ಕೆಯೋ ಮುರಿಯುವುದು ಖಂಡಿತ. ಅಳತೆಯ ಟೇಪು ಸುಳ್ಳು ಹೇಳಬಹುದು, ಹಿಟ್ಟು ಹೇಳುವುದಿಲ್ಲ ಎನ್ನುವುದು ಮೇಸ್ತ್ರಿಯ ಮಾತು.

ಜೇನಿನವನ ಟ್ರಕ್ಕು ಬಂದದ್ದು ಗುಡ್ಡದಲ್ಲಿ ಹೂ ಬಿಡಲು ಇನ್ನು ನಾಲ್ಕು ವಾರವಿದೆ ಎನ್ನುವಾಗ. ಅವನು ಜೇನುಪೆಟ್ಟಿಗೆಗಳನ್ನು ಹೂವಿನ ಹಿಂದೆ ಹಿಂದೆ ಹೊತ್ತು ತಿರುಗುವ ಮನುಷ್ಯ. ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ತಗಲಬಾರದೆಂದು ಬೇರೆಲ್ಲೋ ಸ್ಪ್ರಿಂಗ್ ಬದಲಾಯಿಸಿ ಟ್ರಕ್ಕನ್ನು ನಾಲ್ಕು ಅಂಗುಲ ಎತ್ತಿಸಿಕೊಂಡಿದ್ದ. ಎತ್ತಿದವರು ಶಾಕ್ ಮಾತ್ರ ಹಳೆಯದನ್ನೇ ಬಿಟ್ಟಿದ್ದರು. ಹೋದ ವರ್ಷದ ಚಡ್ಡಿಯನ್ನು ಈ ವರ್ಷದ ಹುಡುಗನಿಗೆ ಹಾಕಿದ ಹಾಗಾಗಿತ್ತು. ಪ್ರತಿ ಹಳ್ಳಕ್ಕೂ ಶಾಕು ಪೂರ್ತಿ ಎಳೆದುಕೊಂಡು ಠಣ್ ಎನ್ನುತ್ತಿತ್ತು, ಹಿಂದೆ ಹುಳುಗಳು ಗುಂಯ್ ಎಂದು ರೇಗುತ್ತಿದ್ದವು.

"ಎತ್ತಿದ ಗಾಡಿಗೆ ಅಂತಲೇ ಉದ್ದ ಶಾಕು ಬರುತ್ತೆ," ಎಂದ ಮೇಸ್ತ್ರಿ. "ಅದರ ಬೆಲೆ ಕೇಳಿದ್ರೆ ನಿನ್ನ ಜೇನೂ ಕಹಿ ಆಗುತ್ತೆ."

"ಅಗ್ಗದಲ್ಲಿ ಏನಾದ್ರೂ ದಾರಿ ಹುಡುಕಿ ಮೇಸ್ತ್ರಿ. ಹುಳ ಸತ್ರೆ ನಾನೂ ಸತ್ತ ಹಾಗೆ."

ಆ ದಿನ ಯಜಮಾನಿಗೆ ಮಂಡಿ ಹಿಡಿದುಕೊಂಡಿತ್ತು. ಟೀ ತಂದವಳು ಸೊಸೆ. ಮದುವೆಯಾಗಿ ಎಂಟು ತಿಂಗಳು. ಲೇತ್ ಯಂತ್ರದ ಕೆಲಸದವನ ಮಗಳು, ತಂದೆಯ ಪಕ್ಕದಲ್ಲೇ ನಿಂತು ಕಬ್ಬಿಣ ಕಡೆದು ಬೆಳೆದವಳು. ಹೊಸ್ತಿಲ ಈಚೆ ನಿಂತೇ ಹೇಳಿದಳು: "ಮಾವ, ಮಿನಿ ಬಸ್ಸಿನ ಹಿಂದಿನ ಶಾಕು ಉದ್ದ ಇರುತ್ತಲ್ಲ? ಅದು ನಾಲ್ಕು ತಗೊಂಡ್ರೂ ಆ ದುಬಾರೀದು ಒಂದರ ಬೆಲೆ ಆಗಲ್ಲ."

ಗಾಡಿಯ ಕೆಳಗಿದ್ದ ಅವಳ ಗಂಡ ಸಿಡುಕಿದ. "ಅದರ ಮೇಲಿನ ತುದಿ ಬೋಲ್ಟು. ಈ ಗಾಡಿಗೆ ತುದೀಲಿ ಬಳೆ ಇರೋದು ಬೇಕು. ಕೂರಲ್ಲ. ನೀನು ಟೀ ಇಟ್ಟು ಹೋಗು."

"ಬಳೆ ಮಾಡಿದ್ರೆ ಆಯ್ತು."

"ಶಾಕ್ ಮೇಲೆ ಬೆಸುಗೆ ಹಾಕ್ತೀಯಾ? ಒಳಗಿನ ಸೀಲ್ ಸುಟ್ಟುಹೋಗಿ ಎಣ್ಣೆ ಎಲ್ಲ ಸೋರುತ್ತೆ, ಗೊತ್ತಾ?"

"ಶಾಕ್ ಮೇಲೆ ಯಾಕೆ ಹಾಕ್ಬೇಕು? ಬಳೆಗೆ ಒಂದು ಕುತ್ತಿಗೆ ಇಟ್ಟು, ಅದರೊಳಗೆ ಥ್ರೆಡ್ ಕೊರೆದು, ಬೋಲ್ಟ್ ಮೇಲೆ ತಿರುಗಿಸಿ ಬಿಗಿ ಮಾಡೋದು. ಬೆಸುಗೆ ಎಲ್ಲ ಮುಂಚೇನೇ ಹೊರಗಡೆ ಮುಗಿದಿರುತ್ತೆ."

ಮೇಸ್ತ್ರಿಯ ತಲೆ ಗಾಡಿಯ ಕೆಳಗಿನಿಂದ ಹೊರಗೆ ಬಂತು. ಮೂವತ್ತೊಂದು ವರ್ಷದಲ್ಲಿ ಟೀಗಾಗಿ ಆ ತಲೆ ಒಂದು ಸಲವೂ ಹೊರಗೆ ಬಂದದ್ದಿಲ್ಲ.

"ಭೇಷ್," ಎಂದ. "ಬಾಮ್ಮ ಒಳಗೆ. ಹಾಳೆ ಮೇಲೆ ಬರೆದು ತೋರಿಸು."

ಮಾರನೆಯ ದಿನ ಯಜಮಾನಿಯೇ ಟೀ ತೆಗೆದುಕೊಂಡು ಹೋದಳು. ಸೊಸೆ ಲೇತ್ ಮುಂದೆ ಆ ಹೊಸ ಸ್ಟೂಲಿನ ಮೇಲೆ ಕೂತಿದ್ದಳು. ಮೇಸ್ತ್ರಿ ಪಕ್ಕದಲ್ಲಿ ಬಗ್ಗಿ ನಿಂತು, ಕನ್ನಡಕ ಏರಿಸಿ, ಹೂಂ ಹೂಂ ಎನ್ನುತ್ತಿದ್ದ. ಲೋಟ ಕಟ್ಟೆಯ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಟೀ ಚೆಲ್ಲಿತು.

ಸಂಜೆ ಊಟಕ್ಕೆ ಕೂತಾಗ ಬೇಯಿಸಿದ ಆಲೂಗಡ್ಡೆ ಬಡಿಸುತ್ತ ಕೇಳಿದಳು: "ಏನ್ರೀ, ಗ್ಯಾರೇಜಿನ ಎಣ್ಣೆ ಒಣಗಿತಾ?"

"ಯಾವ ಎಣ್ಣೆ?"

"ಮೂವತ್ತೊಂದು ವರ್ಷದಿಂದ ನಾನು ಜಾರಿ ಬೀಳ್ತಿದ್ದೆನಲ್ಲ, ಆ ಎಣ್ಣೆ."

ಮೇಸ್ತ್ರಿ ಆಲೂಗಡ್ಡೆಯ ಸಿಪ್ಪೆ ಸುಲಿಯುವುದರಲ್ಲಿ ಮಗ್ನನಾದ. ಮನೆಯ ಕಿರಿಯ ಮಗಳು, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಚಿಕ್ಕವಳು, ನಗು ತಡೆಯಲಾಗದೆ ನೀರು ನೆತ್ತಿಗೇರಿಸಿಕೊಂಡಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಮ್ಮ."

"ನಿನ್ನ ಗಾದೆ ಜೆರಾಕ್ಸ್ ಮಾಡಿ ಅಂಗಡಿ ಗೋಡೆಗೆ ಅಂಟಿಸ್ಕೋ. ಅತ್ತೆಯ ಕಾಲ ಯಾವತ್ತು ಬಂದಿತ್ತು ಅಂತ ಮೊದಲು ಹೇಳು."

"ಅತ್ತೆ, ನಾಳೆಯಿಂದ ಟೀ ನಾನೇ ಮಾಡ್ತೀನಿ," ಎಂದಳು ಸೊಸೆ ಮೆಲ್ಲಗೆ.

"ಬೇಡಮ್ಮ. ನೀನು ಮೆತ್ತೆ ಮೇಲೆ ಕೂತ್ಕೋ. ಟೀ ಮಾಡೋಕೆ ನಾನು ಬದುಕಿದ್ದೀನಲ್ಲ."

ಯಜಮಾನಿಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಮಗನದು ಬೇರೆ ಬಗೆ. ಅವನು ಮಾತಾಡದೆ ಉರಿಯುವವನು. ಹನ್ನೆರಡು ವರ್ಷ ಅಪ್ಪನ ಕೈಕೆಳಗೆ ದುಡಿದಿದ್ದಾನೆ. ಅಷ್ಟು ವರ್ಷದಲ್ಲಿ ಅವನಿಗೆ ಸಿಕ್ಕ ಬಿರುದು "ಕತ್ತೆ" ಒಂದೇ. ಕೆಲಸ ತೀರ ಚೆನ್ನಾಗಿ ಆದ ದಿನ ಅಪ್ಪ ಕತ್ತೆ ಎನ್ನದೆ ಸುಮ್ಮನಿರುತ್ತಿದ್ದ. ಭೇಷ್ ಎನ್ನುವ ಪದ ಅಪ್ಪನ ಬಾಯಲ್ಲಿದೆ ಎಂದು ಅವನಿಗೆ ಗೊತ್ತಾದದ್ದೇ ಈಗ.

ಮುಂದಿನ ವಾರವೆಲ್ಲ ಸೊಸೆ ಬಳೆಗಳನ್ನು ಕಡೆದಳು. ಎರಡೂವರೆ ಅಂಗುಲದ ಕುತ್ತಿಗೆ, ಮೇಲೆ ದಪ್ಪ ಉಂಗುರ, ಒಳಗೆ ಅದುರಿಕೆ ತಡೆಯುವ ರಬ್ಬರ್ ಬುಷ್ಷು. ಮಗನ ಪಾಲಿಗೆ ಬಂದದ್ದು ಕಬ್ಬಿಣದ ಸುರುಳಿ ಗುಡಿಸುವ ಕೆಲಸ. ಬಂದ ಗಿರಾಕಿಗಳಿಗೆಲ್ಲ ಮೇಸ್ತ್ರಿ ಬಳೆ ತೋರಿಸಿ, "ನಮ್ಮ ಸೊಸೆ ಮಾಡಿದ್ದು, ಕೂದಲೆಳೆ ವ್ಯತ್ಯಾಸ ಇಲ್ಲ" ಎನ್ನುತ್ತಿದ್ದ. ಗಿರಾಕಿಗಳು ಬಳೆ ನೋಡಿ, ಸೊಸೆಯನ್ನು ನೋಡಿ, ಆಮೇಲೆ ಪೊರಕೆ ಹಿಡಿದ ಮಗನನ್ನು ನೋಡುತ್ತಿದ್ದರು. ಹಾಗೆ ನೋಡುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

"ನಿನಗ್ಯಾಕೆ ಅಷ್ಟು ಬಾಯಿ?" ಎಂದ ಕೋಣೆಯಲ್ಲಿ ಹೆಂಡತಿಗೆ.

"ಗೊತ್ತಿದ್ದಿದ್ದು ಹೇಳಿದೆ. ತಪ್ಪಾ?"

"ನನಗೆ ಹೇಳಬಹುದಿತ್ತು. ನಾನು ಅಪ್ಪನಿಗೆ ಹೇಳ್ತಿದ್ದೆ."

"ನಿಮ್ಮ ಮುಂದೇನೇ ಹೇಳಿದೆ. ಟೀ ಇಟ್ಟು ಹೋಗು ಅಂದ್ರಿ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅಂದಿನಿಂದ ಮುಖ ಊದಿಸಿಕೊಂಡು ಹೆಂಡತಿಯ ಜೊತೆ ಮಾತು ಬಿಟ್ಟ. ಕೆಲಸದ ಮಾತು ಮಾತ್ರ: ಸ್ಪ್ಯಾನರ್ ಕೊಡು, ಲೈಟ್ ಹಿಡಿ.

ನಾಲ್ಕನೆಯ ವಾರ, ಇನ್ನೇನು ಶಾಕು ಜೋಡಿಸಬೇಕು ಎನ್ನುವಾಗ ಮೇಸ್ತ್ರಿ ಗೇರ್‌ಬಾಕ್ಸ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ. ಗೋಡೆ ಹಿಡಿದು ಹಾಸಿಗೆಗೆ ಬಂದವನು ಮಗ್ಗುಲು ಬದಲಿಸಲೂ ಕೂಗುತ್ತಿದ್ದ. ಜೇನಿನವನು ಬಂದು ಕಿಟಕಿಯಲ್ಲಿ ನಿಂತ. "ಮೇಸ್ತ್ರಿ, ಹೂ ಬಿಡೋಕೆ ಶುರುವಾಗಿದೆ. ನಾಳೆ ಗಾಡಿ ಬೇಕೇಬೇಕು."

"ಮಗ ಸೊಸೆ ಇದ್ದಾರೆ. ಜೋಡಿಸಿ ಕೊಡ್ತಾರೆ, ನಡಿ."

ಆ ದಿನ ಬೆಳಿಗ್ಗೆ ಯಜಮಾನಿ ಹಿಟ್ಟು ನಾದಿದಳು. ನಾದುವಾಗಲೇ ಒಂದು ನಿಂಬೆಹಣ್ಣಿನ ಗಾತ್ರ ಚಿವುಟಿ, ಒದ್ದೆ ಬಟ್ಟೆ ಮುಚ್ಚಿ ಪಕ್ಕಕ್ಕಿಟ್ಟಳು. ಗಂಡ ಹಾಸಿಗೆಯಲ್ಲಿದ್ದಾನೆ, ಇವತ್ತು ಕೇಳಲು ಬರಬೇಕಾದವರು ಬೇರೆಯವರು. ಬರಲಿ, ಕೇಳಲಿ, ಕೇಳಿದರೆ ಕೊಡುತ್ತೇನೆ ಎಂದುಕೊಂಡಳು.

ಟೀ ಕೊಡಲು ಹೋದಾಗ ಹೊಸ್ತಿಲಲ್ಲಿ ನಿಂತು ನೋಡಿದಳು. ನಾಲ್ಕು ಶಾಕೂ ಕೂತಿದ್ದವು, ಬಳೆಗಳು ಗೆರೆ ಎಳೆದಂತೆ ಒಂದೇ ನೇರಕ್ಕಿದ್ದವು. ಸೊಸೆ ಗಾಡಿಯನ್ನು ಸಮನೆಲದ ಮೇಲೆ ಹಿಂದೆ ಮುಂದೆ ಓಡಿಸಿದಳು, ಇಳಿದು ಬಗ್ಗಿ ನೋಡಿದಳು, ಜ್ಯಾಕಿನಿಂದ ಗಾಡಿ ಎತ್ತಿ ಶಾಕು ಪೂರ್ತಿ ಎಳೆದುಕೊಂಡಾಗ ಎಷ್ಟಿದೆ ಎಂದು ಅಳೆದಳು. ಎಳೆದದ್ದನ್ನು ಅಳೆದವಳು ಮಡಚಿದ್ದನ್ನು ಅಳೆಯಲಿಲ್ಲ. ಹಳೆಯ ಶಾಕು ಮೋಟಾಗಿದ್ದುದೇ ರೋಗವಾಗಿತ್ತಲ್ಲ, ಹೊಸದು ಉದ್ದ ಹೆಚ್ಚಾದೀತು ಎನ್ನುವುದು ಅವಳ ತಲೆಗೆ ಹೊಳೆಯಲಿಲ್ಲ. ಲೇತ್ ಹಿಡಿದು ಬೆಳೆದವಳಿಗೆ ಕಬ್ಬಿಣ ಗೊತ್ತು. ಗಾಡಿ ಕುಣಿಯುವ ಬಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದವನು ಸ್ಪ್ಯಾನರ್ ಒರೆಸುತ್ತ ನಿಂತಿದ್ದ. ಅವನ ಕಣ್ಣು ಒಂದು ಸಲ ಅಂಗಳದ ಕಲ್ಲಿನ ಕಡೆ ಹೋಗಿ ವಾಪಸು ಬಂದದ್ದನ್ನು ಅವನ ತಾಯಿ ಕಂಡಳು.

"ಇನ್ನೇನಾದ್ರೂ ನೋಡೋದಿದ್ಯಾ?" ಎಂದು ಸೊಸೆ ಗಂಡನನ್ನು ಕೇಳಿದಳು.

"ನೀನಿದ್ದೀಯಲ್ಲ, ದೊಡ್ಡ ಮೇಸ್ತ್ರಿ. ನನ್ನನ್ಯಾಕೆ ಕೇಳ್ತೀಯ?"

ಯಜಮಾನಿ ಲೋಟ ಕಟ್ಟೆಯ ಮೇಲಿಟ್ಟು ಒಳಗೆ ಬಂದಳು.

ಸಂಜೆ ಅವಳು ಗಂಡನ ಸೊಂಟಕ್ಕೆ ಬಿಸಿನೀರಿನ ಚೀಲ ಇಡುತ್ತಿರುವಾಗ ಮಗ ಬಾಗಿಲಲ್ಲಿ ಕಾಣಿಸಿಕೊಂಡ. ಮೇಸ್ತ್ರಿ ಕೇಳಿದ: "ಆಯ್ತೇನೋ? ಹಿಟ್ಟು ಇಟ್ಟು ನೋಡಿದ್ರಾ?"

"ಎಲ್ಲ ನೋಡಿದ್ವಿ."

ಮಗ ತಾಯಿಯ ಮುಖ ನೋಡಿದ. ತಾಯಿ ಬಿಸಿನೀರಿನ ಚೀಲವನ್ನು ಇನ್ನೊಂದು ಮಗ್ಗುಲಿಗೆ ಸರಿಸಿದಳು. ಅಡುಗೆಮನೆಗೆ ಹೋಗಿ, ಎತ್ತಿಟ್ಟಿದ್ದ ಉಂಡೆಯನ್ನು ಉಳಿದ ಹಿಟ್ಟಿನ ಜೊತೆ ಸೇರಿಸಿ ಬ್ರೆಡ್ಡು ಸುಟ್ಟಳು. ಎಲ್ಲರೂ ತಿಂದರು. ಉಪ್ಪು ಕಡಿಮೆ ಎಂದಳು ಚಿಕ್ಕವಳು.

ಮರುದಿನ ಬೆಳಗಿನ ಜಾವ ಮೂವತ್ತಾರು ಪೆಟ್ಟಿಗೆ ಹೇರಿಕೊಂಡು ಟ್ರಕ್ಕು ಗುಡ್ಡಕ್ಕೆ ಹೊರಟಿತು. ಗ್ಯಾರೇಜಿನ ಕಡೆಯಿಂದ ಒಬ್ಬರು ಜೊತೆಗಿರಲಿ ಎಂದು ಜೇನಿನವನು ಹಟ ಹಿಡಿದದ್ದರಿಂದ ಮಗ ಹತ್ತಿ ಕೂತ. ಮುರಿದರೆ ಎಲ್ಲೋ ದೂರದಲ್ಲಿ ಮುರಿಯುತ್ತದೆ, ತಾನು ಅಲ್ಲಿರುವುದಿಲ್ಲ ಎಂದು ಅವನು ಎಣಿಸಿದ್ದ. ಇಳಿಯಲು ನೆಪ ಸಿಗಲಿಲ್ಲ.

ಹತ್ತು ಗಂಟೆಗೆ ಹಾಲಿನ ವ್ಯಾನಿನಲ್ಲಿ ವಾಪಸು ಬಂದ. ಕೆಳತುಟಿ ಬದನೆಕಾಯಿಯಾಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ದೊಡ್ಡ ಕಲ್ಲಿನ ಮೇಲೆ ಮುಂದಿನ ಎಡಚಕ್ರ ಹತ್ತಿದೊಡನೆ ಶಾಕು ತಳಕ್ಕೆ ಹೊಡೆದು, ಮೇಲಿನ ಕೊಕ್ಕೆ ಚಾಸಿಯಿಂದ ಕಿತ್ತು ಬಂದಿತ್ತು. ಗಾಡಿ ವಾಲಿ ಎರಡು ಪೆಟ್ಟಿಗೆಯ ಮುಚ್ಚಳ ಹಾರಿತ್ತು. ಜೇನಿನವನಿಗೆ ಮುಖಕ್ಕೆ ಬಲೆಯಿತ್ತು, ಇವನಿಗಿರಲಿಲ್ಲ.

"ಇಷ್ಟು ದಿನ ಸುಮ್ಮನೆ ಊದಿಸಿಕೊಂಡಿದ್ದೆ, ಈಗ ಕಾರಣ ಸಿಕ್ತು," ಎಂದಳು ಚಿಕ್ಕವಳು.

ಮಧ್ಯಾಹ್ನ ಟ್ರಕ್ಕನ್ನು ಎಳೆದು ತಂದರು. ಮೇಸ್ತ್ರಿ ಗೋಡೆ ಹಿಡಿದು, ಹಲ್ಲು ಕಚ್ಚಿ, ಗ್ಯಾರೇಜಿಗೆ ನಡೆದ. ಕಿತ್ತುಬಂದ ಕೊಕ್ಕೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಹಿಟ್ಟು ಎಷ್ಟು ಉಳಿದಿತ್ತು?"

"ಯಾವ ಹಿಟ್ಟು ಮಾವ?" ಎಂದಳು ಸೊಸೆ.

ಮೇಸ್ತ್ರಿ ಮಗನ ಕಡೆ ತಿರುಗಿದ. ಮಗ ಊದಿದ ತುಟಿಯಲ್ಲೇ ಹೇಳಿದ: "ನಾನು ಹೇಳಿದೆ. ಹಿಟ್ಟು ಇಟ್ಟು ಕಲ್ಲಿನ ಮೇಲೆ ಹತ್ತಿಸೋಣ ಅಂತ. ಇವಳು ಅದೆಲ್ಲ ಬೇಡ, ನನಗೆ ಗೊತ್ತು ಅಂದ್ಲು. ನಿಮ್ಮ ಮುಂದೆ ಇವಳನ್ನ ಬಿಟ್ಟುಕೊಡೋದು ಬೇಡ ಅಂತ ನೋಡಿದ್ವಿ ಅಂದೆ."

"ಸುಳ್ಳು ಹೇಳ್ಬೇಡ್ರೀ. ನೀವು ಹೇಳಲೇ ಇಲ್ಲ."

"ಗಂಡನನ್ನ ಸುಳ್ಳ ಅಂತೀಯಾ ಎಲ್ಲರ ಮುಂದೆ?"

ಹೊಸ್ತಿಲ ಈಚೆ ಯಜಮಾನಿ ನಿಂತಿದ್ದಳು. ಮಗ ಹೇಳಿದ್ದು ಸುಳ್ಳೆಂದು ಆ ಇಬ್ಬರನ್ನು ಬಿಟ್ಟರೆ ಆ ಮನೆಯಲ್ಲಿ ಕಣ್ಣಾರೆ ಕಂಡವಳು ಅವಳೊಬ್ಬಳೇ. ಅವಳ ಒಂದು ಮಾತಿನಿಂದ ಎಲ್ಲ ಇತ್ಯರ್ಥವಾಗುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

"ಕೆಲಸ ಬರೋದು ಬೇರೆ, ಕೇಳೋ ಬುದ್ಧಿ ಇರೋದು ಬೇರೆ," ಎಂದ ಮೇಸ್ತ್ರಿ ಸೊಸೆಗೆ. "ನಾಳೆಯಿಂದ ನೀನು ಗ್ಯಾರೇಜಿಗೆ ಬರೋದು ಬೇಡಮ್ಮ. ಅಡುಗೆಮನೇಲಿ ಅತ್ತೆಗೆ ಆಸರೆಯಾಗಿರು."

ಎಷ್ಟೋ ದಿನದಿಂದ ಯಜಮಾನಿ ಕೇಳಬೇಕೆಂದಿದ್ದ ಮಾತು ಅದೇ. ಕೇಳಿಸಿತು. ಒಳಗೆ ಹೋಗಿ ಹಾಲು ಕಾಯಲು ಇಟ್ಟಳು, ಎರಡು ಸಲ ಉಕ್ಕಿಸಿದಳು.

ಸೊಸೆ ಅಳಲಿಲ್ಲ. ಲೇತ್ ಯಂತ್ರವನ್ನು ಒರೆಸಿ, ಎಣ್ಣೆ ಹಚ್ಚಿ, ಬಟ್ಟೆ ಮುಚ್ಚಿದಳು. ಸ್ಟೂಲನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. "ಅಲ್ಲಿ ಇನ್ನು ಇದಕ್ಕೆ ಕೆಲಸ ಇಲ್ಲ ಅತ್ತೆ. ನಿಮ್ಮ ಮಂಡಿಗೆ ಆಗುತ್ತೆ, ಕೂತ್ಕೊಳ್ಳಿ."

ಎರಡು ವರ್ಷ ಕೇಳಿದ ಸ್ಟೂಲು. ಯಜಮಾನಿ ಅದರ ಮೇಲೆ ಕೂತು ಈರುಳ್ಳಿ ಹೆಚ್ಚಿದಳು. ಎತ್ತರ ಸರಿಯಾಗಿತ್ತು, ಮೆತ್ತೆ ಮೆತ್ತಗಿತ್ತು, ಮಂಡಿಗೆ ಹಿತವಾಗಿತ್ತು. ಅವಳಿಗೆ ಮಾತ್ರ ಕೂರಲಾಗಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು. ಸೊಸೆ ನೆಲದ ಮೇಲೆ ಕೂತು ಪಾತ್ರೆ ಉಜ್ಜುತ್ತಿದ್ದಳು. ಹೀಗೆ ಮೂರು ದಿನ ಕಳೆಯಿತು. ಗ್ಯಾರೇಜಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು, "ಕತ್ತೆ" ಎನ್ನುವ ಕೂಗೂ ಬರುತ್ತಿತ್ತು. ಮಗ ಬಳೆಯ ಕುತ್ತಿಗೆಯನ್ನು ಸಣ್ಣ ಮಾಡಲು ಹೋಗಿ ಎರಡು ಬಳೆ ಹಾಳು ಮಾಡಿದ್ದ. ಜೇನಿನವನು ದಿನಾ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದ. "ಹೂ ಮುಗಿದ್ರೆ ನನ್ನ ವರ್ಷವೇ ಮುಗೀತು ಮೇಸ್ತ್ರಿ."

ನಾಲ್ಕನೆಯ ದಿನ ಯಜಮಾನಿ ಹಿಟ್ಟು ನಾದುತ್ತಿರುವಾಗ ಸೊಸೆ ಕೈ ಒರೆಸಿಕೊಂಡು ಪಕ್ಕಕ್ಕೆ ಬಂದು ನಿಂತಳು.

"ಅತ್ತೆ, ಒಂದು ಕೇಳ್ಲಾ? ಆ ಶಾಕಿಗೆ ಇಡೋ ಹಿಟ್ಟು ಎಷ್ಟು ಗಟ್ಟಿ ಇರ್ಬೇಕು?"

"ಯಾಕೆ? ನಿನ್ನನ್ನ ಬೇಡ ಅಂದಾಯ್ತಲ್ಲ."

"ಬೇಡ ಅಂದ್ರೂ ಗೊತ್ತಿರಲಿ ಅಂತ. ಎಲ್ಲಿ ತಪ್ಪಿದೆ ಅಂತ ತಿಳಿದೇ ಇದ್ರೆ ನನಗೆ ಅನ್ನ ಸೇರಲ್ಲ. ಮಾವನ್ನ ಕೇಳೋಕೆ ಭಯ. ಅವರನ್ನ ಕೇಳೋಕೆ ಮನಸ್ಸಿಲ್ಲ. ನಿಮಗೆ ಗೊತ್ತಿರುತ್ತೆ ಅನ್ನಿಸ್ತು."

ಯಜಮಾನಿಯ ಕೈ ಹಿಟ್ಟಿನಲ್ಲೇ ನಿಂತಿತು. ಆ ಮನೆಗೆ ಬಂದ ಮೇಲೆ ಗ್ಯಾರೇಜಿನ ಕೆಲಸದ ಬಗ್ಗೆ ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅವಳು ಹಿತ್ತಲ ಗಿಡವೂ ಅಲ್ಲ, ಹೊಸ್ತಿಲ ಗಿಡ. ಮೊದಲ ಸಲ ಕೇಳಿದವಳು, ಯಾರ ಮೇಲೆ ಅವಳು ಒಂದು ತಿಂಗಳಿಂದ ಉರಿದು ಬೀಳುತ್ತಿದ್ದಳೋ ಅವಳೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಕಿವಿಯ ಹಾಲೆ ಮುಟ್ಟಿ ನೋಡ್ಕೋ," ಎಂದಳು ಕೊನೆಗೆ. "ಅಷ್ಟು ಗಟ್ಟಿ. ಇನ್ನೂ ಸಡಿಲ ಇದ್ರೆ ಕಡ್ಡಿ ಮೇಲೆ ಜಾರುತ್ತೆ. ಗಟ್ಟಿ ಜಾಸ್ತಿ ಆದ್ರೆ ಒಡೆದು ಬೀಳುತ್ತೆ. ಎಣ್ಣೆ ಕೈಯಲ್ಲಿ ಮುಟ್ಟಬಾರದು. ನಿನ್ನ ಮಾವ ಮುಟ್ತಾರೆ, ಅದಕ್ಕೇ ಎರಡೆರಡು ಸಲ ಕೇಳಿಕೊಂಡು ಬರ್ತಾರೆ."

ಆ ಸಂಜೆ ಊಟದಲ್ಲಿ ಮೊಟ್ಟೆ, ಟೊಮೆಟೊ, ಬ್ರೆಡ್ಡು. ಮೇಸ್ತ್ರಿ ಹಾಳಾದ ಬಳೆಗಳ ವಿಷಯಕ್ಕೆ ಮಗನನ್ನು ಬೈಯುತ್ತಿದ್ದ. ಮಗ, "ಮೊದಲ ಸಲವೇ ಇವಳು ಸರಿಯಾಗಿ ಮಾಡಿದ್ರೆ ನನಗೆ ಈ ಗತಿ ಬರ್ತಿತ್ತಾ?" ಎಂದ.

ಯಜಮಾನಿ ಮೊಟ್ಟೆಯ ಬಾಣಲೆಯನ್ನು ನಡುವೆ ಇಟ್ಟಳು. "ನೀನು ಅವಳಿಗೆ ಹಿಟ್ಟಿನ ವಿಷಯ ಹೇಳಲೇ ಇಲ್ಲ."

"ಹೇಳ್ದೆ ಅಮ್ಮ."

"ಹೇಳಲಿಲ್ಲ. ಅವ್ಳು ಇನ್ನೇನಾದ್ರೂ ನೋಡೋದಿದ್ಯಾ ಅಂತ ಕೇಳಿದ್ಲು. ನೀನು ದೊಡ್ಡ ಮೇಸ್ತ್ರಿ ಅಂತ ಹಂಗಿಸಿದೆ. ನಿನ್ನ ಕಣ್ಣು ಕಲ್ಲಿನ ಮೇಲೆ ಹೋಗಿ ಬಂತು. ನಾನು ಬಾಗಿಲಲ್ಲೇ ಇದ್ದೆ."

ಮಗನ ತುಟಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದನ್ನು ಕಚ್ಚಿಕೊಂಡು ತಟ್ಟೆ ನೋಡಿದ. ಮೇಸ್ತ್ರಿ ಬ್ರೆಡ್ಡನ್ನು ತಟ್ಟೆಗೆ ಹಾಕಿದ.

"ನಿನಗೇನು ಗೊತ್ತೇ ಇದೆಲ್ಲ?"

"ಯಾಕೆ ಗೊತ್ತಿರಬಾರದು? ಮೂವತ್ತೊಂದು ವರ್ಷ ಟೀ ಹಿಡ್ಕೊಂಡು ನಿಂತಿದ್ದೀನಿ. ಕಣ್ಣು ಮುಚ್ಕೊಂಡು ನಿಂತಿದ್ದೆ ಅಂದ್ಕೊಂಡ್ರಾ? ಬಳೆ ಇಟ್ಟ ಮೇಲೆ ಶಾಕು ಎರಡೂವರೆ ಅಂಗುಲ ಬೆಳೆದುಬಿಡ್ತು, ಮಡಚೋಕೆ ಜಾಗ ಸಾಲಲ್ಲ ಅಂತ ನನಗೆ ಅವತ್ತೇ ಅನುಮಾನ ಬಂದಿತ್ತು."

"ಮತ್ತೆ ಹೇಳಬಾರದಿತ್ತಾ?"

ಯಜಮಾನಿ ಸೊಸೆಯ ಕಡೆ ನೋಡಲಿಲ್ಲ. ಬಾಣಲೆಯ ಕಡೆ ನೋಡುತ್ತ ಹೇಳಿದಳು: "ಹಿಟ್ಟು ಚಿವುಟಿ ಎತ್ತಿಟ್ಟಿದ್ದೆ. ಯಾರೂ ಕೇಳೋಕೆ ಬರಲಿಲ್ಲ. ಮುರೀಲಿ ಅನ್ನಿಸ್ತು. ಇವಳಿಗೆ ಸ್ಟೂಲು ಮಾಡಿಕೊಟ್ರಿ, ಮುರೀಲಿ ಅನ್ನಿಸ್ತು. ನಿಮ್ಮ ಮಗನಿಗೆ ಎಷ್ಟು ಹೊಟ್ಟೆಕಿಚ್ಚಿತ್ತೋ ನನಗೂ ಅಷ್ಟೇ ಇತ್ತು. ಅವನ ಸುಳ್ಳು ಕೇಳಿಸ್ಕೊಂಡು ಸುಮ್ಮನಿದ್ದೆ. ಬೈಯೋದಾದ್ರೆ ಇಬ್ಬರಿಗೂ ಬೈಯಿರಿ."

ಸೊಸೆ ಎದ್ದು ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ವಾಪಸು ಬಂದು ಅತ್ತೆಗೆ ಹೇಳಿದ್ದು ಇಷ್ಟೇ: "ನೀವೂ ಅವತ್ತು ಹೇಳಬಹುದಿತ್ತು."

"ಹೇಳಬಹುದಿತ್ತು."

"ಮೂವತ್ತಾರು ಪೆಟ್ಟಿಗೆ ಇತ್ತು ಗಾಡೀಲಿ. ನಿಮ್ಮ ಮಗನೂ ಇದ್ರು."

"ಗೊತ್ತು ಕಣೇ. ಗೊತ್ತು."

ಮೇಸ್ತ್ರಿ ಯಾರಿಗೂ ಬೈಯಲಿಲ್ಲ. ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಮುರಿದು ಮುರಿದು ಪುಡಿ ಮಾಡಿದ. ಎದ್ದು ಹೋಗುವಾಗ ಮಗನ ತಲೆಗೆ ಒಂದು ಮೊಟಕಿದ. ಬಾಗಿಲಲ್ಲಿ ನಿಂತು, ಯಾರಿಗೆಂದು ಇಲ್ಲದೆ, "ನಾಳೆ ಬೆಳಿಗ್ಗೆ ಆ ಕುತ್ತಿಗೆ ಒಂದೂವರೆ ಅಂಗುಲ ಇಳಿಸಬೇಕು. ಚಕ್ರ ಜಾಸ್ತಿ ಮೇಲೆ ಬರದ ಹಾಗೆ ತಡೆಯೋ ರಬ್ಬರಿಗೂ ಒಂದು ದಪ್ಪ ಬಿಲ್ಲೆ ಕೊಡಬೇಕು. ಲೇತ್ ಮೇಲೆ ಕೈ ನಡುಗದೇ ಇರೋರು ಬನ್ನಿ," ಎಂದ.

ಬೆಳಿಗ್ಗೆ ಸೊಸೆ ಹಾಳಾದ ಎರಡು ಬಳೆಗಳನ್ನು ಹೊಸದಾಗಿ ಕಡೆದು, ಉಳಿದೆರಡರ ಕುತ್ತಿಗೆ ಇಳಿಸಿದಳು. ಮಗ ಕಿತ್ತುಹೋದ ಕೊಕ್ಕೆಯನ್ನು ಚಾಸಿಗೆ ಮತ್ತೆ ಬೆಸೆದ. ಬೆಸುಗೆ ಅವನ ಕೈಗೆ ಒಗ್ಗಿದ ಕೆಲಸ, ಮೀನಿನ ಬೆನ್ನಿನಂತೆ ನೀಟಾಗಿ ಬಂತು. ಗಂಡಹೆಂಡಿರ ನಡುವೆ ಮಾತು ಇನ್ನೂ ಸ್ಪ್ಯಾನರಿನಷ್ಟೇ ಇತ್ತು. ಆದರೆ ಕೊನೆಯ ನಟ್ಟು ಹಾಕುವಾಗ ಅವನೇ ಕೇಳಿದ: "ಎಷ್ಟು ಬಿಗಿ ಮಾಡ್ಲಿ?"

"ರಬ್ಬರು ಒಂಚೂರು ಉಬ್ಬೋವರೆಗೆ. ಜಾಸ್ತಿ ಬೇಡ."

ಅವಳು ಹೇಳಿದಷ್ಟೇ ಮಾಡಿದ. ಆಮೇಲೆ ತಾನಾಗಿ ಬಾಗಿಲಿಗೆ ಹೋಗಿ ಕೂಗಿದ. "ಅಮ್ಮ, ನಿಂಬೆಹಣ್ಣಿನ ಗಾತ್ರ ಹಿಟ್ಟು."

ಯಜಮಾನಿ ಬಂದಳು. ಒಂದು ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿಟ್ಟು, ಇನ್ನೊಂದು ಕೈಯಲ್ಲಿ ಸ್ಟೂಲು. ಮಗ ಹಿಟ್ಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. "ಎಣ್ಣೆ ಕೈ ಅದು, ಸರಿ ಆಚೆ," ಎಂದವಳೇ ಹೊಸ್ತಿಲು ದಾಟಿದಳು. ನೆಲದ ಮೇಲೆ ನಿಜವಾಗಿಯೂ ಎಣ್ಣೆಯಿತ್ತು. ಅವಳು ಜಾರಲಿಲ್ಲ. ಮುಂದಿನ ಎಡಚಕ್ರದ ಪಕ್ಕ ಸ್ಟೂಲು ಹಾಕಿ ಕೂತು, ಕಡ್ಡಿಯ ಸುತ್ತ ಹಿಟ್ಟನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಸ್ಟೂಲು ಹಿಡಿದೇ ಅಂಗಳಕ್ಕೂ ನಡೆದಳು. ಸೊಸೆ ಟ್ರಕ್ಕು ಓಡಿಸಿ ಕಲ್ಲಿನ ಮೇಲೆ ಚಕ್ರ ಹತ್ತಿಸಿದಳು. ಎತ್ತಿದ ಗಾಡಿ ಒಂದು ಮಗ್ಗುಲಿಗೆ ವಾಲಿ ನಿಂತಿತು, ಆಮೇಲೆ ನಿಧಾನವಾಗಿ ಇಳಿಯಿತು. ಕಿಟಕಿ ಬಿಟ್ಟು ಅಂಗಳಕ್ಕೇ ಬಂದಿದ್ದ ಜೇನಿನವನು ಬಗ್ಗಿ ನೋಡುತ್ತಿದ್ದ.

ಯಜಮಾನಿ ಬಗ್ಗಿ ಎರಡು ಬೆರಳು ಜೋಡಿಸಿ ಹಿಟ್ಟಿಗೆ ಹಿಡಿದಳು. ಸರಿಯಾಗಿ ಎರಡು ಬೆರಳು.

"ಇದು ಬದುಕಿತು," ಎಂದಳು. "ಇನ್ನೂ ಮೂರಿದೆ. ಗಾಡಿ ತಿರುಗಿಸು."

ಸೊಸೆ ಕೆಳಗಿಳಿದು ತಾನೂ ಬೆರಳು ಹಿಡಿದು ನೋಡಿದಳು. ಬೆಳಗಿನಿಂದ ನಿಂತು ಅವಳ ಕಾಲು ಸೋತಿತ್ತು. ಕಣ್ಣು ಸ್ಟೂಲಿನ ಮೇಲೆ ಹೋಯಿತು. ಅತ್ತೆ ಅದನ್ನು ಗಮನಿಸಿದಳು, ಮೆತ್ತೆಯ ಮೇಲೆ ಇನ್ನಷ್ಟು ಸರಿದು ಕೂತಳು.

"ನಿನಗೆ ಬೇಕಾದ್ರೆ ಇನ್ನೊಂದು ಮಾಡಿಸ್ಕೋ. ನಿನಗಾದ್ರೆ ಬೇಗ ಮಾಡಿಕೊಡ್ತಾರೆ."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಲೋಟಗಳ ಸದ್ದಾಯಿತು. ಮೇಸ್ತ್ರಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ತಟ್ಟೆಯಲ್ಲಿ ಟೀ ಹಿಡಿದು, ಅಂಗಳದ ಬಾಗಿಲವರೆಗೆ ಬಂದು ನಿಂತ. ತಟ್ಟೆಯಲ್ಲಿ ಅರ್ಧ ಟೀ ಚೆಲ್ಲಿತ್ತು. ಮುಂದೆ ಬರಲೋ ಬೇಡವೋ ಎಂಬಂತೆ ಹೆಂಡತಿಯ ಬೆನ್ನು ನೋಡಿದ.

"ಟೀ," ಎಂದ.

ಯಜಮಾನಿ ಎರಡನೆಯ ಶಾಕಿನ ಕಡ್ಡಿಗೆ ಹಿಟ್ಟು ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲೇ ಇಡಿ," ಎಂದಳು.